ಕಾಗದದ ಉಳಿದರ್ಧ

2025ರ ಜುಲೈ ತಿಂಗಳ ಒಂದು ಭಾನುವಾರ. ಡೊಂಬಿವಿಲಿಯಲ್ಲಿ ಬೆಳಗಿನಿಂದ ಹಿಡಿದ ಮಳೆ ಬಿಡುವ ಲಕ್ಷಣ ಇರಲಿಲ್ಲ. ಊಟ ಮುಗಿಸಿ ಪೇಪರನ್ನು ಮುಖದ ಮೇಲೆ ಹಾಕಿಕೊಂಡು ಅಡ್ಡಾಗಿದ್ದ ನನ್ನನ್ನು ಮಗಳು ಎಬ್ಬಿಸಿದಳು. "ಪಪ್ಪಾ ಏಳಿ, ನಿಮ್ಮ ಹೀರೋ ಬಂದಿದ್ದಾನೆ. ಟಿಕೆಟ್ ತೆಗೆದಾಗಿದೆ." ನನ್ನ ಹೀರೋ ಅಂದರೆ ರಾಜ್‌ಕುಮಾರ್ ಅಲ್ಲ, ಅಮಿತಾಭ್ ಬಚ್ಚನ್ನೂ ಅಲ್ಲ. ಬಿ.ಪಿ. ಮಾತ್ರೆ ನುಂಗುವ, ಇನ್ನೊಂದು ವರ್ಷಕ್ಕೆ ನಿವೃತ್ತನಾಗುವ ಐವತ್ತೊಂಬತ್ತರ ಮನುಷ್ಯ ನಾಲ್ಕು ಜನರೆದುರು ಹೇಳಿಕೊಳ್ಳಲು ನಾಚಬೇಕಾದ ಹೆಸರು ಅದು: ಸೂಪರ್‌ಮ್ಯಾನ್. ಪ್ಯಾಂಟಿನ ಮೇಲೆ ಕೆಂಪು ಚಡ್ಡಿ ಹಾಕುವವನು. ಊರಿನಲ್ಲಿರುವ ನೀವು ನಗಬಹುದು. ನನ್ನ ಹೆಂಡತಿ ಮೂವತ್ತು ವರ್ಷಗಳಿಂದ ನಗುತ್ತಿದ್ದಾಳೆ.

ಆದರೆ ಆ ದಿನ ಸಿನಿಮಾ ಮುಗಿದು, ದೀಪ ಹತ್ತಿ, ಕಸ ಗುಡಿಸುವ ಹುಡುಗರು ಒಳಗೆ ಬಂದರೂ ನನಗೆ ಕುರ್ಚಿಯಿಂದ ಏಳಲಾಗಲಿಲ್ಲ. ಮಗಳು ಹೆದರಿ "ಎಂತಾಯ್ತು, ಎದೆ ನೋವಾ?" ಎಂದು ಕೇಳಿದಳು. ಎದೆಯದ್ದೇ, ಆದರೆ ಡಾಕ್ಟರಿಗೆ ತೋರಿಸುವಂಥದ್ದಲ್ಲ ಎಂದೆ. ಅದೇನು ಎನ್ನುವುದನ್ನು ಹೇಳಲು ನಾನು ಸ್ವಲ್ಪ ಹಿಂದಕ್ಕೆ ಹೋಗಬೇಕು.

1979ರ ಜೂನ್‌ನಲ್ಲಿ, ಆರನೆಯ ತರಗತಿ ಪಾಸಾದ ಹದಿಮೂರರ ಹುಡುಗನಾಗಿ, ಕುಂದಾಪುರ ತಾಲೂಕಿನ ನಮ್ಮ ಹಳ್ಳಿಯಿಂದ ಮುಂಬಯಿ ಬಸ್ಸು ಹತ್ತಿದೆ. ಕೊಂಕಣ ರೈಲು ಪೂರ್ತಿ ಓಡತೊಡಗಿದ್ದು 1998ರಲ್ಲಿ; ಆಗ ನಮಗಿದ್ದದ್ದು ಘಟ್ಟ ಹತ್ತಿಳಿಯುವ, ದಾರಿಯುದ್ದಕ್ಕೂ ವಾಂತಿ ಮಾಡಿಸುವ ಬಸ್ಸು ಮಾತ್ರ. ಇಳಿದದ್ದು ಫೋರ್ಟಿನ ಒಂದು ಕ್ಯಾಂಟೀನಿನಲ್ಲಿ. ಟೇಬಲ್ ಒರೆಸುವುದು, ಕಪ್ಪು ಬಸಿ ತೊಳೆಯುವುದು, ಸುತ್ತಲಿನ ಆಫೀಸುಗಳಿಗೆ ಚಹಾ ಮುಟ್ಟಿಸುವುದು, ರಾತ್ರಿ ಬೆಂಚುಗಳನ್ನು ಜೋಡಿಸಿ ಮಲಗುವುದು. ಕರಾವಳಿಯ ಮನೆಮನೆಯಲ್ಲೂ ಈ ಕತೆಯ ಒಂದು ಪ್ರತಿ ಇರುವುದರಿಂದ ಹೆಚ್ಚು ಬರೆಯುವುದಿಲ್ಲ.

ನಾನು ಚಹಾ ಕೊಡುತ್ತಿದ್ದ ಜಾಗಗಳಲ್ಲಿ ಇಂಗ್ಲಿಷ್ ಸಿನಿಮಾ ತೋರಿಸುವ ಒಂದು ಥಿಯೇಟರೂ ಇತ್ತು. ಇಂಟರ್‌ವಲ್ ಹೊತ್ತಿಗೆ ಅಲ್ಲಿನ ಆಫೀಸಿಗೆ ಚಹಾ ಹೋಗಬೇಕು. ಖಾಲಿ ಗ್ಲಾಸು ವಾಪಸು ತರುವ ತನಕ ಬಾಗಿಲು ಕಾಯುವ ಮರಾಠಿ ಮುದುಕ ನನ್ನನ್ನು ಕತ್ತಲೆಯಲ್ಲಿ ಗೋಡೆಗೊರಗಿ ನಿಲ್ಲಲು ಬಿಡುತ್ತಿದ್ದ. ಹಾಗೆ ನಾನು ಸೂಪರ್‌ಮ್ಯಾನನ್ನು ಕಂಡದ್ದು. 1978ರಲ್ಲಿ ತಯಾರಾದ, ರಿಚರ್ಡ್ ಡಾನರ್ ನಿರ್ದೇಶನದ, ಕ್ರಿಸ್ಟೋಫರ್ ರೀವ್ ಹಾರುವ ಸಿನಿಮಾ. ಪ್ರತಿ ಸಲವೂ ಇಂಟರ್‌ವಲ್ ನಂತರದ ಭಾಗ ಮಾತ್ರ. ಸತ್ತ ಹುಡುಗಿಯನ್ನು ಬದುಕಿಸಲು ಅವನು ಭೂಮಿಯನ್ನೇ ಹಿಂದಕ್ಕೆ ತಿರುಗಿಸುವುದನ್ನು ಎಷ್ಟೋ ಸಲ ನೋಡಿದೆ. ಅವನು ಎಲ್ಲಿಂದ ಬಂದವನು, ಯಾರ ಮಗ, ಯಾಕೆ ಬಂದ ಎಂಬುದೆಲ್ಲ ಮೊದಲರ್ಧದಲ್ಲಿತ್ತು. ಅದು ನನಗೆ ಗೊತ್ತೇ ಇರಲಿಲ್ಲ. ಆಕಾಶದಲ್ಲಿ ಅವನ ತಂದೆಯ ಧ್ವನಿಯೊಂದು ಏನನ್ನೋ ಬೇಡ ಬೇಡ ಅನ್ನುತ್ತಿತ್ತು, ಅವನು ಕೇಳದೆ ಹೋಗುತ್ತಿದ್ದ. ಮನುಷ್ಯರ ಚರಿತ್ರೆಯಲ್ಲಿ ಕೈ ಹಾಕಬೇಡ ಎಂಬ ಅಪ್ಪನ ಆಜ್ಞೆಯನ್ನು ಮಗ ಮೀರಿದ್ದು ಅದು ಎನ್ನುವುದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ.

ಮೊದಲರ್ಧ ಸಿಕ್ಕಿದ್ದು ಫ್ಲೋರಾ ಫೌಂಟನ್ನಿನ ಫುಟ್‌ಪಾತಿನಲ್ಲಿ. ಹಳೆ ಪುಸ್ತಕ ಮಾರುವವರ ಸಾಲಿನಲ್ಲಿ, ರಟ್ಟು ಹರಿದ ಇಂಗ್ಲಿಷ್ ಕಾಮಿಕ್ಸುಗಳು. ರಾತ್ರಿ ಶಾಲೆಯ ಇಂಗ್ಲಿಷನ್ನು ನಾನು ಗಟ್ಟಿ ಮಾಡಿಕೊಂಡದ್ದು ಅವುಗಳಿಂದಲೇ. ಚಿತ್ರ ನೋಡಿ ಮಾತು ಊಹಿಸುವುದು, ಊಹಿಸಿದ್ದನ್ನು ಮರುದಿನ ಮಾಷ್ಟ್ರ ಹತ್ತಿರ ಕೇಳುವುದು. ಕ್ರಿಪ್ಟಾನ್ ಎಂಬ ಊರು ಹಾಳಾಗುತ್ತಿದೆ, ಅಪ್ಪ ಅಮ್ಮ ಇದ್ದೊಬ್ಬ ಮಗನನ್ನು ಒಂದು ಸಣ್ಣ ಹಡಗಿನಲ್ಲಿ ಕೂರಿಸಿ ದೂರ ಕಳಿಸುತ್ತಾರೆ, ಮಗು ಬೇರೆಯವರ ನಡುವೆ ಬೆಳೆಯುತ್ತದೆ. ಇದನ್ನು ಓದಿದ ರಾತ್ರಿ ಬೆಂಚಿನ ಮೇಲೆ ಮಲಗಿ ನಾನು ಅತ್ತಿದ್ದೆ. ಹಾಳಾದ ಊರು, ಬಸ್ಸು ಹತ್ತಿಸಿದ ಅಪ್ಪ, ಬೇರೆ ಭಾಷೆಯ ಜನ: ಎಲ್ಲ ನನ್ನದೇ ಅನಿಸಿತ್ತು. ಹಾರಲು ಬರುವುದಿಲ್ಲ ಅನ್ನುವುದೊಂದೇ ವ್ಯತ್ಯಾಸ.

ಇದು ನನ್ನೊಬ್ಬನ ಹುಚ್ಚಲ್ಲ ಎಂದು ಆಮೇಲೆ ಓದಿ ತಿಳಿದೆ. ಈ ಪಾತ್ರವನ್ನು ಹುಟ್ಟಿಸಿದ ಜೆರಿ ಸೀಗಲ್ ಮತ್ತು ಜೋ ಶುಸ್ಟರ್ ಇಬ್ಬರೂ ಯುರೋಪಿನಿಂದ ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳು, ಅಮೆರಿಕದ ಕ್ಲೀವ್‌ಲ್ಯಾಂಡ್ ಪಟ್ಟಣದ ಶಾಲೆಯ ಗೆಳೆಯರು. ಸೀಗಲ್‌ನ ಅಪ್ಪ 1932ರಲ್ಲಿ ತನ್ನ ಅಂಗಡಿಯಲ್ಲಿ ಕಳ್ಳತನ ನಡೆಯುತ್ತಿದ್ದಾಗ ಕುಸಿದು ಸತ್ತರು. 1938ರಲ್ಲಿ 'ಆಕ್ಷನ್ ಕಾಮಿಕ್ಸ್'ನ ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಬಂದ. ಅವನ ಮೇಲಿನ ಸಕಲ ಹಕ್ಕನ್ನೂ ಆ ಹುಡುಗರು ಪ್ರಕಾಶಕರಿಗೆ ಬರೆದುಕೊಟ್ಟದ್ದು 130 ಡಾಲರಿಗೆ. ಆ ಮೊತ್ತ ಸೇರಿದ್ದ ಚೆಕ್ಕಿನ ಕಾಗದವೇ 2012ರಲ್ಲಿ 1,60,000 ಡಾಲರಿಗೆ ಹರಾಜಾಯಿತು. ಲೋಕವನ್ನೆಲ್ಲ ಕಾಯುವವನು ಮೊದಲು ಒಂದು ಚಿಲ್ಲರೆ ಮೊತ್ತಕ್ಕೆ ಮಾರಾಟವಾಗಿದ್ದ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಈಗ ಹೊಸ ಸಿನಿಮಾ. ನೋಡದವರು ಕ್ಷಮಿಸಬೇಕು, ಕತೆ ಹೇಳದೆ ನನ್ನ ಸಂಕಟ ಹೇಳಲಾಗುವುದಿಲ್ಲ. ಜೇಮ್ಸ್ ಗನ್ ನಿರ್ದೇಶಿಸಿದ ಈ ಚಿತ್ರದಲ್ಲಿ ಸೂಪರ್‌ಮ್ಯಾನ್ ಆದವನು ಡೇವಿಡ್ ಕೊರೆನ್ಸ್‌ವೆಟ್ ಎಂಬ ಎತ್ತರದ ಹುಡುಗ. ಸಿನಿಮಾ ಶುರುವಾಗುವುದೇ ಅವನ ಸೋಲಿನಿಂದ. ಮೈಯೆಲ್ಲ ಜಜ್ಜಿಸಿಕೊಂಡು ಹಿಮದ ಮೇಲೆ ಬಿದ್ದವನನ್ನು ಅವನ ನಾಯಿ ಎಳೆದುಕೊಂಡು ಮನೆಗೆ ತರುತ್ತದೆ. ಅಲ್ಲಿ ಗಾಯ ಮಾಯುವ ಹೊತ್ತಿನಲ್ಲಿ ಅವನ ರೋಬೋಟುಗಳು ಹೆತ್ತವರು ಕಳಿಸಿದ ಸಂದೇಶವನ್ನು ಹಾಕುತ್ತವೆ. ನಿನ್ನನ್ನು ತುಂಬ ಪ್ರೀತಿಸಿದೆವು, ನೀನು ಹೆಚ್ಚು ಒಳ್ಳೆಯದು ಮಾಡಬಲ್ಲ ಜಾಗ ಹುಡುಕಿ ಕಳಿಸಿದ್ದೇವೆ ಎಂಬರ್ಥದ ಮಾತು. ಬರುವ ದಾರಿಯಲ್ಲಿ ಹಾಳಾದ್ದರಿಂದ ಸಂದೇಶ ಅಲ್ಲಿಗೇ ನಿಲ್ಲುತ್ತದೆ. ಅವನಿಗೆ ಅಷ್ಟೇ ಸಾಕು. ಅದನ್ನೇ ಕೇಳಿ ಕೇಳಿ ದೊಡ್ಡವನಾಗಿದ್ದಾನೆ, ಅದರ ಮೇಲೇ ಬದುಕು ಕಟ್ಟಿಕೊಂಡಿದ್ದಾನೆ.

ಅವನ ವೈರಿ ಲೆಕ್ಸ್ ಲೂಥರ್ ಆ ಮನೆಗೆ ನುಗ್ಗಿಸಿ ಸಂದೇಶ ಕದಿಯುತ್ತಾನೆ, ಹಾಳಾದ ಭಾಗವನ್ನು ಸರಿಪಡಿಸಿ ಟಿ.ವಿ.ಯಲ್ಲಿ ಜಗತ್ತಿಗೆಲ್ಲ ತೋರಿಸುತ್ತಾನೆ. ಉಳಿದರ್ಧದಲ್ಲಿ ಇರುವುದು ಏನು? ಅಲ್ಲಿನ ಜನ ಬುದ್ಧಿ ಕಡಿಮೆಯವರು, ಅವರನ್ನು ಆಳು, ಅಡ್ಡ ಬಂದವರನ್ನು ಮುಗಿಸು, ಅನೇಕ ಹೆಂಡಿರನ್ನು ಕಟ್ಟಿಕೊಂಡು ನಮ್ಮ ವಂಶ ಬೆಳೆಸು. ಇದು ಲೂಥರನ ಮೋಸ ಎಂದು ನಾವು ಕಾಯುತ್ತೇವೆ. ಮೋಸ ಅಲ್ಲ, ಸಾಚಾ. ನಿನ್ನೆಯ ತನಕ ಅವನಿಗೆ ಕೈ ಬೀಸುತ್ತಿದ್ದ ಜನ ಬೀದಿಯಲ್ಲಿ ಅವನಿಗೆ ಸಿಕ್ಕಿದ್ದನ್ನು ಎಸೆಯುತ್ತಾರೆ. ಆ ದೃಶ್ಯ ನನಗೇನೂ ಹೊಸದು ಅನಿಸಲಿಲ್ಲ. 1960ರ ದಶಕದ ಕೊನೆಗೆ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಎದ್ದ ಅಲೆಯಲ್ಲಿ ಉಡುಪಿ ಹೋಟೆಲುಗಳ ಗಾಜು ಹೇಗೆ ಪುಡಿಯಾಯಿತು ಎಂದು ನಮ್ಮ ಕ್ಯಾಂಟೀನಿನ ಅಡುಗೆ ಭಟ್ಟರು ಕತೆ ಹೇಳುತ್ತಿದ್ದರು. ಬೆಳಿಗ್ಗೆ ಇಡ್ಲಿ ತಿಂದವನೇ ಸಂಜೆ ಕಲ್ಲು ಹಿಡಿದು ಬಂದಿದ್ದನಂತೆ. ಮುಂಬಯಿಯವರನ್ನು ಮಾತ್ರ ಯಾಕೆ ಅನ್ನಬೇಕು, 2012ರ ಆಗಸ್ಟ್‌ನಲ್ಲಿ ಬೆಂಗಳೂರಿನಿಂದ ಈಶಾನ್ಯದ ಹುಡುಗರು ಹೆದರಿ ರೈಲು ತುಂಬಿಕೊಂಡು ಹೊರಟದ್ದನ್ನು ನೀವೇ ನೋಡಿದ್ದೀರಿ.

ನನ್ನ ಕೈಕಾಲು ತಣ್ಣಗಾದದ್ದು ಆ ಕಲ್ಲಿಗಲ್ಲ, ಆ ಉಳಿದರ್ಧಕ್ಕೆ. ಯಾಕೆಂದರೆ ನನ್ನ ಹತ್ತಿರವೂ ಅಂಥದ್ದೊಂದಿದೆ.

ಮುಂಬಯಿಗೆ ಬಂದ ಎರಡನೇ ತಿಂಗಳಲ್ಲಿ ಅಪ್ಪಯ್ಯನಿಂದ ನನಗೆ ಒಂದು ಇನ್‌ಲ್ಯಾಂಡ್ ಕಾಗದ ಬಂದಿತ್ತು. ಸಣ್ಣ ಕಾಗದ. ಮೈ ಜೋಪಾನ, ಇನ್ನೊಬ್ಬರ ಕಾಸಿಗೆ ಕೈ ಹಾಕಬೇಡ, ಯಾರ ಹಂಗಿನಲ್ಲೂ ಇರಬೇಡ, ಏನಾದರೂ ವಿದ್ಯೆ ಮಾತ್ರ ಬಿಡಬೇಡ. ಅಷ್ಟೇ. ನಾನು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಟ್ರಂಕಿನಲ್ಲಿಟ್ಟೆ. ದಿನಕ್ಕೆ ಹದಿನಾಲ್ಕು ಗಂಟೆ ದುಡಿದು ರಾತ್ರಿ ಶಾಲೆಯಲ್ಲಿ ತೂಕಡಿಸುವಾಗ ಅದನ್ನು ನೆನೆದುಕೊಂಡು ಕಣ್ಣಿಗೆ ನೀರು ಹಾಕಿಕೊಂಡೆ. ಎಸ್.ಎಸ್.ಸಿ. ಆಯಿತು, ಬೆಳಗಿನ ಕಾಲೇಜಿನಲ್ಲಿ ಬಿ.ಕಾಂ. ಆಯಿತು, ಒಂದು ಖಾಸಗಿ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಆಯಿತು. ಇನ್ನೊಬ್ಬರ ದುಡ್ಡನ್ನು ಎಣಿಸುವುದೇ ಕಸುಬಾದರೂ ಒಂದು ರೂಪಾಯಿ ಅತ್ತಿತ್ತ ಮಾಡಲಿಲ್ಲ. ಮಗಳಿಗೆ ಬುದ್ಧಿ ಬಂದ ಮೇಲೆ ಆ ಕಾಗದ ತೋರಿಸಿ ಹೇಳಿದ್ದೇನೆ: ನಿನ್ನ ಅಜ್ಜ ಶಾಲೆಗೆ ಹೋದವರಲ್ಲ, ಆದರೆ ನೋಡು.

ಅಪ್ಪಯ್ಯ 2008ರಲ್ಲಿ ತೀರಿಕೊಂಡರು. 2011ರಲ್ಲಿ ಆ ಕ್ಯಾಂಟೀನು ಮುಚ್ಚಿತು. ಧಣಿಗಳ ಮಗ ಸಾಮಾನು ಖಾಲಿ ಮಾಡುವಾಗ ಫೋನು ಮಾಡಿ, "ನಿಮ್ಮ ಹೆಸರಿನ ಏನೋ ಹಳೆಯ ಕಾಗದ ಉಂಟು, ಬೇಕಾದರೆ ತೆಗೆದುಕೊಂಡು ಹೋಗಿ" ಅಂದರು. ಹೋದೆ. 1979ರ ಲೆಕ್ಕದ ಪುಸ್ತಕ. ಒಂದು ಪುಟದಲ್ಲಿ ನನ್ನ ಹೆಸರು, ಅದರ ಕೆಳಗೆ 'ಹುಡುಗನ ತಂದೆಗೆ ಮುಂಗಡ ರೂ. 300'. ನನ್ನ ಸಂಬಳ ತಿಂಗಳಿಗೆ 25 ರೂಪಾಯಿ. ಅಂದರೆ ಸರಿಯಾಗಿ ಒಂದು ವರ್ಷ. ಪುಟಕ್ಕೆ ಗುಂಡುಸೂಜಿ ಚುಚ್ಚಿ ಇಟ್ಟಿದ್ದ ಇನ್ನೊಂದು ಇನ್‌ಲ್ಯಾಂಡ್ ಕಾಗದ, ಅಪ್ಪಯ್ಯ ಧಣಿಗಳಿಗೆ ಬರೆಸಿದ್ದು. ಹುಡುಗನ ಕೈಗೆ ಹಣ ಕೊಡಬೇಡಿ. ಎರಡು ವರ್ಷ ಊರಿಗೆ ಕಳಿಸಬೇಡಿ, ಬಂದರೆ ವಾಪಸು ಹೋಗಲಿಕ್ಕಿಲ್ಲ. ಶಾಲೆ ಗೀಲೆ ಅಂತ ಹಠ ಮಾಡಿದರೆ ಗದರಿಸಿ.

ಕೊನೆಯ ಸಾಲನ್ನು ನಾನು ಅಲ್ಲೇ ಧೂಳಿನ ನಡುವೆ ನಿಂತು ಎಷ್ಟು ಸಲ ಓದಿದೆನೋ. ಎರಡೂ ಕಾಗದದ ಮೇಲಿನ ಅಂಚೆ ಮುದ್ರೆಗೆ ನಡುವೆ ಒಂದೇ ವಾರ. ಇದನ್ನು ಇಷ್ಟು ವರ್ಷ ನಾನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ.

ನನ್ನ ಪ್ರಶ್ನೆ ಇಷ್ಟೇ. ನಾವು ದೂರದ ಊರಿನಲ್ಲಿ ಬದುಕುವವರು ಏನನ್ನೋ ಕಟ್ಟಿಕೊಂಡು ಬಂದಿರುತ್ತೇವೆ. ನಮ್ಮಲ್ಲಿ ಹೀಗೆ, ನಮ್ಮ ಮನೆತನ ಹಾಗೆ, ನಮ್ಮ ಹಿರಿಯರು ಹೇಳಿದ್ದು ಹೀಗೆ ಎಂಬ ಗಂಟು. ಊರಿನಲ್ಲೇ ಇರುವವರಿಗೆ ಆ ಗಂಟು ದಿನಾ ಬಿಚ್ಚಿರುತ್ತದೆ. ಹಿರಿಯರ ಒಳ್ಳೆಯದು ಕೆಟ್ಟದ್ದು ಎರಡೂ ಎದುರಿಗೇ ಇರುವುದರಿಂದ ಯಾವ ಮಾತಿಗೆ ಎಷ್ಟು ಬೆಲೆ ಎಂದು ನಿಮಗೆ ಗೊತ್ತಿರುತ್ತದೆ. ನಾವಾದರೋ ಕೈಗೆ ಸಿಕ್ಕಿದ ಅರ್ಧ ಕಾಗದವನ್ನೇ ಪೂರ್ತಿ ಎಂದುಕೊಂಡು ಅದಕ್ಕೆ ಚೌಕಟ್ಟು ಹಾಕಿಸುತ್ತೇವೆ. ಹೀಗಿರುವಾಗ ಉಳಿದರ್ಧ ಸಿಕ್ಕಿದರೆ, ಮೊದಲರ್ಧದ ಗತಿ ಏನು? ಅದನ್ನು ನಂಬಿ ಮಾಡಿದ ಒಳ್ಳೆಯದು ಒಳ್ಳೆಯದಾಗಿಯೇ ಉಳಿಯುತ್ತದೆಯೇ, ಇಲ್ಲಾ ಅದೂ ಸುಳ್ಳಾಗುತ್ತದೆಯೇ?

ಸಿನಿಮಾ ಇದಕ್ಕೆ ಉತ್ತರ ಕೊಡುತ್ತದೆ. ಸೋತು ಮನೆಗೆ ಬಂದ ಸೂಪರ್‌ಮ್ಯಾನನಿಗೆ ಕ್ಯಾನ್ಸಸ್‌ನ ಹೊಲದ ಮನೆಯಲ್ಲಿ ಸಾಕುತಂದೆ ಹೇಳುವುದು ಇದನ್ನೇ: ಮಕ್ಕಳು ಏನಾಗಬೇಕು ಅನ್ನುವುದನ್ನು ಹೇಳುವುದು ಹೆತ್ತವರ ಕೆಲಸವಲ್ಲ, ನೀನು ಏನನ್ನು ಆರಿಸಿಕೊಳ್ಳುತ್ತೀಯೋ, ಏನು ಮಾಡುತ್ತೀಯೋ ಅದೇ ನೀನು. ಆ ಪಾತ್ರ ಮಾಡಿದ ಮುದುಕನ ಗಂಟಲು ಕಟ್ಟಿದಂತಾಗುತ್ತದೆ, ನನ್ನದೂ ಕಟ್ಟಿತು. ಕೊನೆಯಲ್ಲಿ ಮತ್ತೆ ಗಾಯಗೊಂಡು ಮಲಗಿದಾಗ ರೋಬೋಟುಗಳು ಹಾಕುವುದು ಕ್ರಿಪ್ಟಾನಿನ ಸಂದೇಶವನ್ನಲ್ಲ, ಈ ರೈತ ದಂಪತಿ ಅವನನ್ನು ಆಡಿಸಿ ಬೆಳೆಸಿದ ಹಳೆಯ ವಿಡಿಯೋಗಳನ್ನು. ಹೆತ್ತವರ ಜಾಗದಲ್ಲಿ ಸಾಕಿದವರು ಬಂದರು. ಸಭಿಕರು ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಆದರೆ ಅಭಿಮಾನಿಗೂ ಜಗಳವಾಡುವ ಹಕ್ಕಿದೆ. ಅವನಿಗೇನೋ ಬದಲಿ ಅಪ್ಪ ಅಮ್ಮ ತಯಾರಿದ್ದರು, ವಿಡಿಯೋ ಸಮೇತ. ಅಂಥವರು ಇಲ್ಲದವನು ಏನು ಮಾಡಬೇಕು? ನನ್ನನ್ನು ಮುಂಬಯಿಯಲ್ಲಿ ಸಾಕಿದವರು ಯಾರು ಎಂದು ಹುಡುಕಿದರೆ ಸಿಗುವುದು ಆ ಧಣಿಗಳೇ. ಅಪ್ಪಯ್ಯ ಗದರಿಸಿ ಎಂದು ಬರೆಸಿದ್ದರೂ ರಾತ್ರಿ ಏಳಕ್ಕೆ ಕೈ ತೊಳೆದುಕೊಂಡು ಶಾಲೆಗೆ ಹೋಗು ಅಂದವರು ಅವರು. ಆ ಕಾಗದವನ್ನು ಮೂವತ್ತು ವರ್ಷ ನನಗೆ ಕಾಣದಂತೆ ಇಟ್ಟವರೂ ಅವರೇ. ಹಾಗೆಂದು ಹದಿಮೂರರ ಹುಡುಗನನ್ನು 300 ರೂಪಾಯಿಗೆ ಕೊಂಡವರೂ, ನಸುಕಿನ ಐದಕ್ಕೆ ಎಬ್ಬಿಸಿದವರೂ ಅವರೇ ತಾನೆ? ಹದಿನಾಲ್ಕರೊಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸಬಾರದು ಎಂಬ ಸರಕಾರಿ ಆದೇಶ ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ. ನನ್ನ ಕಾಲದಲ್ಲಿ ಅದು ತಪ್ಪೆಂದು ಯಾರಿಗೂ ಅನಿಸಿರಲಿಲ್ಲ. ಧಣಿಗಳ ವಿಡಿಯೋ ಹಾಕಿಕೊಂಡು ನಾನು ಗಾಯ ಮಾಯಿಸಿಕೊಳ್ಳಲಾರೆ.

ಇನ್ನೊಂದು ಜಗಳ ಮಾಲಿಕ್ ಅಲಿಯದ್ದು. ಸೋತು ರಸ್ತೆಯ ಗುಂಡಿಯಲ್ಲಿ ಬಿದ್ದ ಸೂಪರ್‌ಮ್ಯಾನನಿಗೆ ಕೈಕೊಟ್ಟು ಎಬ್ಬಿಸುವ, ಗಾಡಿಯಲ್ಲಿ ತಿಂಡಿ ಮಾರುವ ಮನುಷ್ಯ. ಅಷ್ಟು ಮಾಡಿದ್ದಕ್ಕೆ ಲೂಥರ್ ಅವನನ್ನು ಹಿಡಿದು ತಂದು ಸೂಪರ್‌ಮ್ಯಾನನ ಕಣ್ಣೆದುರೇ ಗುಂಡಿಕ್ಕುತ್ತಾನೆ. ಹೆಸರು ಮಾಲಿಕ್, ಇರುವುದು ಒಂದು ಗಾಡಿ. ಯಾವ ಗ್ರಹದ ಸಂದೇಶವೂ ಇಲ್ಲದೆ, ಯಾವ ಶಕ್ತಿಯೂ ಇಲ್ಲದೆ, ಬಿದ್ದವನನ್ನು ಎಬ್ಬಿಸಿದ ಇವನನ್ನು ಸಿನಿಮಾ ಬೇಗ ಮರೆತುಬಿಟ್ಟಿತು ಎಂದು ನನಗೆ ಸಿಟ್ಟು. ಹೋಟೆಲು ಲೈನಿನವನಲ್ಲವೇ, ನಮ್ಮವನೊಬ್ಬ ಸತ್ತ ಹಾಗಾಯಿತು. ಅವನಿಗೆ ಯಾರು ಕಾಗದ ಬರೆದಿದ್ದರು? ಬಹುಶಃ ಯಾರೂ ಇಲ್ಲ. ಒಳ್ಳೆಯತನಕ್ಕೆ ಊರಿನಿಂದ ಬಂದ ಕಾಗದ ಬೇಕೇ ಬೇಕು ಎಂದೇನೂ ಇಲ್ಲ ಎಂದು ಆಗ ಮೊದಲ ಸಲ ಅನಿಸಿತು.

ಆದರೆ ನಾನು ಕುರ್ಚಿಯಿಂದ ಏಳದಂತೆ ಮಾಡಿದ್ದು ಇದೂ ಅಲ್ಲ. ಚಿತ್ರದ ಆರಂಭದಲ್ಲಿ ಅವನ ಗೆಳತಿ ಲೋಯಿಸ್, ಪತ್ರಕರ್ತೆ, ಅವನನ್ನು ಸಂದರ್ಶನ ಮಾಡುವ ಒಂದು ಉದ್ದದ ದೃಶ್ಯವಿದೆ. ಬೊರೇವಿಯಾ ಎಂಬ ದೇಶ ನೆರೆಯ ಬಡ ದೇಶದ ಮೇಲೆ ಏರಿ ಹೋದಾಗ ಇವನು ನಡುವೆ ಇಳಿದು ಯುದ್ಧ ನಿಲ್ಲಿಸಿರುತ್ತಾನೆ. ಅವಳು ಕೇಳುತ್ತಾಳೆ: ಯಾರನ್ನು ಕೇಳಿ ಮಾಡಿದೆ? ಅವನು ರೇಗುತ್ತಾನೆ. ಜನ ಸಾಯುತ್ತಿದ್ದರು! ಕೇಳುತ್ತಾ ಕೂರುವುದಕ್ಕೆ ಹೊತ್ತೆಲ್ಲಿತ್ತು ಎಂಬುದು ಅವನ ಸಿಟ್ಟು. ನಮ್ಮಲ್ಲಿ ಸೆನ್ಸಾರಿನವರು ಈ ಸಿನಿಮಾದ ಮುತ್ತಿನ ದೃಶ್ಯಕ್ಕೆ ಕತ್ತರಿ ಹಾಕಿದ್ದರು, ಪುಣ್ಯಕ್ಕೆ ಈ ಜಗಳವನ್ನು ಬಿಟ್ಟಿದ್ದರು. ಮುತ್ತಿಲ್ಲದೆ ನನಗೇನೂ ನಷ್ಟವಾಗಲಿಲ್ಲ. ಜಗಳ ಮಾತ್ರ ನೆಟ್ಟಗೆ ಬಂದು ನನಗೇ ತಾಗಿತು.

2014ರಲ್ಲಿ ನಾನು ಊರಿನ ಮನೆಯ ಹೆಂಚು ತೆಗೆಸಿ ಟೆರೇಸು ಹಾಕಿಸಿದೆ. ಮುಂಬಯಿಯಿಂದಲೇ ಫೋನಿನಲ್ಲಿ ಕಂಟ್ರಾಕ್ಟರನನ್ನು ಹಿಡಿದು, ಹಣ ಬ್ಯಾಂಕಿಗೆ ಹಾಕಿ, ಇಂಥ ದಿನ ಕೆಲಸ ಶುರು ಎಂದು ತಮ್ಮನಿಗೆ ತಿಳಿಸಿದೆ. ತಿಳಿಸಿದೆ, ಕೇಳಲಿಲ್ಲ. ಆ ಮನೆಯಲ್ಲಿ ವಾಸ ಇರುವವರು ತಮ್ಮ, ಅವನ ಹೆಂಡತಿ ಮಕ್ಕಳು, ಅಮ್ಮ. ನಾನು ವರ್ಷಕ್ಕೆ ಹತ್ತು ದಿನ ಹೋಗುವವನು. ಮುಂಬಯಿಯವರ ಮನೆ ಎಂದರೆ ಟೆರೇಸು ಇರಬೇಡವೇ, ಜನ ಏನೆನ್ನುತ್ತಾರೆ ಎಂಬುದು ನನ್ನ ತಲೆಯಲ್ಲಿದ್ದದ್ದು. ಮರುವರ್ಷದ ಎಪ್ರಿಲ್‌ನಲ್ಲಿ ಹೋದರೆ, ಒಳಗಿನ ಸೆಕೆ ತಡೆಯಲಾರದೆ ಅಮ್ಮ ಹಟ್ಟಿಯ ಪಕ್ಕದ ಜಗಲಿಯಲ್ಲಿ ಚಾಪೆ ಹಾಕಿ ಮಲಗುತ್ತಿದ್ದರು. "ಒಂದು ಮಾತು ಕೇಳ್ಬಹುದಿತ್ತಲ್ಲ ಅಣ್ಣ" ಅಂದ ತಮ್ಮ. ಜೋರಾಗಿಯೂ ಅನ್ನಲಿಲ್ಲ, ಬಾವಿಗೆ ಕೊಡಪಾನ ಇಳಿಸುತ್ತಾ ಅಂದ. ನಾನು ಅಂದದ್ದು ನೆನಪಿದೆ: "ಹಣ ಯಾರದ್ದು ಮಾರಾಯ?"

ಊರಿನ ಓದುಗರು ಇಲ್ಲಿ ನಕ್ಕಿರುತ್ತೀರಿ ಎಂದು ಗೊತ್ತು. ನಿಮ್ಮೂರಿಗೂ ಹೀಗೆ ಹಾರಿ ಬಂದು ಇಳಿಯುವವರು ಇದ್ದಾರೆ. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಹಣ ಕಳಿಸುವವರು ನಾವು. ಕಲ್ಲು ಯಾವುದು, ಹೆಬ್ಬಾಗಿಲು ಎಷ್ಟೆತ್ತರ, ಆಮಂತ್ರಣದಲ್ಲಿ ಯಾರ ಹೆಸರು ಮೇಲೆ ಎಂದು ತೀರ್ಮಾನ ಮಾಡುವವರೂ ನಾವು. ವರ್ಷವಿಡೀ ಅಲ್ಲಿ ದೀಪ ಹಚ್ಚುವವರು ಕೈಕಟ್ಟಿ ನಿಂತಿರುತ್ತಾರೆ. ಒಳ್ಳೆಯದು ಮಾಡು ಎಂಬ ಮೊದಲರ್ಧವನ್ನು ಓದಿಕೊಂಡು ಹೊರಟವರು ನಾವೆಲ್ಲ, ಅಲ್ಲಿನ ಜನಕ್ಕೆ ಬುದ್ಧಿ ಕಡಿಮೆ, ಅವರನ್ನು ಆಳು ಎಂಬ ಉಳಿದರ್ಧವನ್ನು ಯಾರೂ ಕಳಿಸದೆಯೇ ನಾವೇ ಬರೆದುಕೊಂಡಿರುತ್ತೇವೆ. ಥಿಯೇಟರಿನಲ್ಲಿ ನನಗೆ ಕಂಡದ್ದು ಇದು. ಆ ಸಂದೇಶದ ಎರಡನೆಯ ಭಾಗ ಅಪ್ಪಯ್ಯನ ಕಾಗದದಲ್ಲಿ ಇದೆಯೋ ಇಲ್ಲವೋ, ನನ್ನ "ಹಣ ಯಾರದ್ದು" ಎಂಬ ಮಾತಿನಲ್ಲಿ ಪೂರ್ತಿ ಇತ್ತು.

ಹಾಗಾದರೆ ಯಾವತ್ತೂ ಕೇಳಿಯೇ ಮಾಡಬೇಕೆ? ಹಾಗೆ ಹೇಳಲಾರೆ. ಬಾವಿಗೆ ಬಿದ್ದವನನ್ನು ಎತ್ತಲು ಅವನ ಒಪ್ಪಿಗೆ ಬೇಕಿಲ್ಲ. ಸೂಪರ್‌ಮ್ಯಾನ್ ರೇಗಿದ್ದು ಸರಿಯೇ. ಅಲ್ಲಿ ಟ್ಯಾಂಕಿನೆದುರು ಮಕ್ಕಳಿದ್ದರು. ನನ್ನ ಹೆಂಚಿನ ಮಾಡಿನಡಿಯಲ್ಲಿ ಯಾರೂ ಸಾಯುತ್ತಿರಲಿಲ್ಲ. ಜೀವ ಹೋಗುವ ಹೊತ್ತಿನಲ್ಲಿ ಕೇಳದೆ ಮಾಡಿದ್ದು ಉಪಕಾರ, ಪುರುಸೊತ್ತು ಇದ್ದೂ ಕೇಳದೆ ಮಾಡಿದ್ದು ದರ್ಬಾರು. ನಮ್ಮ ಹೆಚ್ಚಿನ ಉಪಕಾರಗಳು ಪುರುಸೊತ್ತಿನವು.

ಈ ಅಳತೆಕೋಲನ್ನು ಕೈಯಲ್ಲಿ ಹಿಡಿದ ಮೇಲೆ ಅಪ್ಪಯ್ಯನನ್ನೂ ಅದರಿಂದಲೇ ಅಳೆಯಬೇಕಾಯಿತು. ಅವರೂ ನನ್ನನ್ನು ಕೇಳಿರಲಿಲ್ಲ. 1974ರ ಭೂಸುಧಾರಣೆಯಲ್ಲಿ ಸಿಕ್ಕ ಮುಕ್ಕಾಲು ಎಕರೆ ಗದ್ದೆ, ಐದು ಮಕ್ಕಳು, ಆಟಿ ತಿಂಗಳಿನಲ್ಲಿ ಗಂಜಿಗೆ ಅಕ್ಕಿ ಇಲ್ಲ. ಆ ವರ್ಷ ಅಕ್ಕನಿಗೆ ಕಾಯಿಲೆಯಾಗಿ ಮಣಿಪಾಲದಲ್ಲಿ ಹದಿನೆಂಟು ದಿನ ಮಲಗಿದ್ದಳು. ಆ 300 ರೂಪಾಯಿ ಎಲ್ಲಿಗೆ ಹೋಗಿರಬಹುದು ಎಂದು 2011ರಿಂದಲೂ ನನಗೆ ಗೊತ್ತಿತ್ತು, ಗೊತ್ತಿಲ್ಲದವನಂತೆ ಇದ್ದೆ. ಲೆಕ್ಕಕ್ಕೆ ತೆಗೆದುಕೊಂಡರೆ ಸಿಟ್ಟು ಕಡಿಮೆಯಾಗುತ್ತದಲ್ಲ, ಅದಕ್ಕೆ. ಕೇಳದೆ ಮಾಡಿದ ಇಬ್ಬರಲ್ಲಿ ಜೀವದ ಹಂಗಿಗೆ ಬಿದ್ದು ಮಾಡಿದವರು ಅಪ್ಪಯ್ಯ, ಪುರುಸೊತ್ತಿನಲ್ಲಿ ಮಾಡಿದವನು ನಾನು.

ಇಷ್ಟಾದರೂ ಒಂದು ಸಾಲು ಉಳಿಯುತ್ತದೆ. ಶಾಲೆ ಗೀಲೆ ಅಂತ ಹಠ ಮಾಡಿದರೆ ಗದರಿಸಿ. ಅದನ್ನು ಹಸಿವಿನ ಲೆಕ್ಕಕ್ಕೆ ಬರೆಯಲು ನನ್ನ ಕೈ ಬರುವುದಿಲ್ಲ. ಬರೆಯುವುದೂ ಇಲ್ಲ. ಹೆತ್ತವರನ್ನು ಅರ್ಥ ಮಾಡಿಕೊಳ್ಳುವುದೆಂದರೆ ಎಲ್ಲವನ್ನೂ ಮಾಫಿ ಮಾಡುವುದು ಎಂದು ನಾನು ಒಪ್ಪುವುದಿಲ್ಲ.

ಅಂದು ರಾತ್ರಿ ಮನೆಗೆ ಬಂದು ಎರಡೂ ಕಾಗದಗಳನ್ನು ಮಗಳ ಎದುರು ಊಟದ ಮೇಜಿನ ಮೇಲೆ ಇಟ್ಟೆ. ಅವಳು ಕನ್ನಡ ಓದುವುದು ನಿಧಾನ, ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ. ಹಾಗೆ ಓದುವವರ ಕಣ್ಣಿಗೆ ನಮಗೆ ಕಾಣದ್ದು ಕಾಣುತ್ತದೆ. ಓದಿ ಮುಗಿಸಿ ಅವಳು ಮೊದಲು ಹೇಳಿದ್ದು, "ಪಪ್ಪಾ, ಇದು ಎರಡೂ ಬೇರೆ ಬೇರೆಯವರು ಬರೆದದ್ದು."

ನಿಜ. ಅಪ್ಪಯ್ಯನಿಗೆ ಬರೆಯಲು ಬರುತ್ತಿರಲಿಲ್ಲ, ಬರೆಸುತ್ತಿದ್ದರು. ಧಣಿಗಳಿಗೆ ಹೋದ ಕಾಗದದ ಅಕ್ಷರ ಕಿರಾಣಿ ಅಂಗಡಿಯವರದ್ದು, ಲೆಕ್ಕ ಬರೆದಂತೆ ಒತ್ತೊತ್ತಾಗಿದೆ. ನನ್ನ ಕಾಗದದ ಅಕ್ಷರ ಗುಂಡಗಿದೆ. ಅದು ನನಗೆ ಅ ಆ ಇ ಈ ತಿದ್ದಿಸಿದ ಮಾಷ್ಟ್ರದ್ದು. ನಲವತ್ತಾರು ವರ್ಷ ಆ ಅಕ್ಷರ ನೋಡುತ್ತಲೇ ಇದ್ದೆ, ಯೋಚಿಸಿರಲಿಲ್ಲ. ವಿದ್ಯೆ ಬಿಡಬೇಡ ಎಂಬುದು ಅಪ್ಪಯ್ಯ ಹೇಳಿ ಬರೆಸಿದ ಮಾತೋ, ಬಿಟ್ಟುಹೋದ ಶಿಷ್ಯನಿಗೆ ಮಾಷ್ಟ್ರು ಕದ್ದು ಸೇರಿಸಿದ ಮಾತೋ? ಅಪ್ಪಯ್ಯನೂ ಇಲ್ಲ, ಮಾಷ್ಟ್ರೂ ಇಲ್ಲ. ಲೂಥರನ ಯಂತ್ರ ತಂದರೂ ಇದು ಬಗೆಹರಿಯಲಿಕ್ಕಿಲ್ಲ.

ವಿಚಿತ್ರವೆಂದರೆ ಇದು ತಿಳಿದ ಮೇಲೆ ನನಗೆ ಎದೆ ಹಗುರಾಯಿತು. ಬರೆದವರು ಯಾರೇ ಇರಲಿ, ಕಾಗದ ನನಗೆ ಮುಟ್ಟಿತ್ತು. ತೂಕಡಿಸುತ್ತಾ ಓದಿದವನು ನಾನು. ಆ ಮಾತನ್ನು ನಾನು ಅಪ್ಪಯ್ಯನ ಆಸ್ತಿ ಎಂದು ಇಷ್ಟು ವರ್ಷ ಕಾದಿಟ್ಟಿದ್ದೆ. ಅದು ಯಾವಾಗಲೋ ನನ್ನದಾಗಿತ್ತು. ಸಾಲ ಎಂದು ತಿಳಿದು ತೀರಿಸುತ್ತಾ ಬಂದದ್ದು ನನ್ನದೇ ದುಡಿಮೆ. ಇದು ಸಾಕುತಂದೆ ಹೇಳಿದ ಮಾತೇ ಆಯಿತಲ್ಲ ಎಂದು ನೀವು ಕೇಳಬಹುದು. ಹೌದು, ಹೆಚ್ಚು ಕಡಿಮೆ ಅದೇ. ಆದರೆ ಅವನು ಎರಡು ಗಂಟೆಯಲ್ಲಿ ಕ್ರಿಪ್ಟಾನಿನ ಕಾಗದ ಎಸೆದು ಅಲ್ಲಿಗೆ ಮುಟ್ಟಿದ, ನಾನು ಎರಡೂ ಕಾಗದವನ್ನು ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮತ್ತೆ ಟ್ರಂಕಿನಲ್ಲಿಟ್ಟೆ. ಮೊದಲು ತೋರಿಸುವಾಗ ಒಂದನ್ನೇ ತೋರಿಸುತ್ತಿದ್ದೆ, ಇನ್ನು ಎರಡನ್ನೂ ತೋರಿಸಬೇಕು.

ಮರುದಿನ ಆಫೀಸಿನಿಂದ ಬಂದವನೇ ತಮ್ಮನಿಗೆ ಫೋನು ಮಾಡಿದೆ. ಊರಿನಲ್ಲಿಯೂ ಮಳೆ. ಟೆರೇಸು ಎರಡು ಕಡೆ ಸೋರುತ್ತಿದೆ, ಮೇಲಿನಿಂದ ತಗಡಿನ ಶೀಟು ಹಾಕಿಸುವುದೋ, ರಾಸಾಯನಿಕ ಬಳಿಸುವುದೋ, ಏನು ಮಾಡಲಿ ಎಂದು ಅವನು ಕೇಳಿದ. ಯಾವಾಗಲೂ ಹಾಗೆಯೇ, ಕೇಳಿ ಸುಮ್ಮನಾಗುತ್ತಾನೆ, ನಾನು ತೀರ್ಪು ಕೊಡುತ್ತೇನೆ. ಬಾಯಿಯ ತುದಿಗೆ ಬಂದ ತೀರ್ಪನ್ನು ನುಂಗಿಕೊಂಡು, "ನಿನಗೆ ಯಾವುದು ಒಳ್ಳೆಯದು ಅನಿಸ್ತದೆ? ನೀನು ಹೇಳಿದ ಹಾಗೆ ಮಾಡುವ. ಅಮ್ಮನನ್ನೂ ಒಂದು ಮಾತು ಕೇಳು" ಅಂದೆ.

ಆ ಕಡೆಯಿಂದ ಸದ್ದಿಲ್ಲ. ಮಳೆಯ ಸದ್ದು ಮಾತ್ರ ಕೇಳುತ್ತಿತ್ತು, ಇಲ್ಲಿಯದೋ ಅಲ್ಲಿಯದೋ.

"ಹಲೋ? ಹಲೋ ಅಣ್ಣ? ನೆಟ್‌ವರ್ಕ್ ಹೋಯ್ತಾ?" ಅಂದ ತಮ್ಮ.